ಸೋತವಳಿಗೂ ಪದಕವೇಕೆ? ವಿಶ್ವ ಬ್ಯಾಡ್ಮಿಂಟನ್‌ನ ಮಹಿಳಾ ಸಿಂಗಲ್ಸ್ ಮತ್ತು ಗಡಿನಾಡ ನಮ್ಮ ಹೆಣ್ಣುಮಕ್ಕಳು

ವಾಗದರಿ: ಅಕ್ಕಲಕೋಟ ತಾಲೂಕಿನ ಈ ಭಾಗದ ಕನ್ನಡ ಶಾಲೆಯೊಂದರ ಏಳನೆಯ ತರಗತಿಯಲ್ಲಿ ಸಾಮಾನ್ಯ ಜ್ಞಾನದ ಪಾಠ ನಡೆದಿತ್ತು. ಹಲಗೆಯ ಮೇಲೆ ನಾವು ‘2017, ಗ್ಲಾಸ್ಗೋ, ವಿಶ್ವ ಬ್ಯಾಡ್ಮಿಂಟನ್: ಪಿ.ವಿ. ಸಿಂಧು ಬೆಳ್ಳಿ, ಸೈನಾ ನೆಹ್ವಾಲ್ ಕಂಚು’ ಎಂದು ಬರೆದು, ಇಬ್ಬರೂ ಎಲ್ಲಿ ಸೋತರೆಂಬುದನ್ನು ಹೇಳಿದೆವು. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದು ನಿಂತಳು. “ಸರ್, ಸೈನಾ ಸೆಮಿಫೈನಲ್‌ದಾಗ ಸೋತ್ಳು ಅಂದ್ರಿ. ಮತ್ತ ಸೋತಾಕಿಗೆ ಪದಕ ಹೆಂಗ ಬಂತ್ರಿ?” ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು, ಆದರೆ ಸರಿಯಾದ ಪ್ರಶ್ನೆ. ಪದಕ ಬಂದ ದಿನ ಪತ್ರಿಕೆಗಳಲ್ಲಿ ಭಾವಚಿತ್ರ ಬರುತ್ತದೆ, ಅಭಿನಂದನೆಗಳು ಬರುತ್ತವೆ. ಆ ಕೂಟ ಹೇಗೆ ನಡೆಯುತ್ತದೆ, ಅದರೊಳಗೆ ಹೋಗುವ ದಾರಿ ಯಾವುದು ಎಂಬುದನ್ನು ನಮ್ಮ ಮಕ್ಕಳಿಗೆ ಅವರ ಭಾಷೆಯಲ್ಲಿ ವಿವರಿಸುವವರು ವಿರಳ. ಆ ಬಾಲಕಿಗೆ ತರಗತಿಯಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ಕೊಂಚ ವಿಸ್ತರಿಸಿ ಗಡಿನಾಡ ಪಾಲಕರ ಮತ್ತು ಶಿಕ್ಷಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಕೂಟದ ಸ್ವರೂಪ

ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ನಡೆದದ್ದು 1977ರಲ್ಲಿ, ಸ್ವೀಡನ್ ದೇಶದ ಮಾಲ್ಮೋ ನಗರದಲ್ಲಿ. ಮಹಿಳಾ ಸಿಂಗಲ್ಸ್‌ನ ಪ್ರಥಮ ವಿಜೇತೆ ಡೆನ್ಮಾರ್ಕಿನ ಲೆನೆ ಕೋಪೆನ್. ಆರಂಭದಲ್ಲಿ ಮೂರು ವರ್ಷಕ್ಕೊಮ್ಮೆ, 1985ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಕೂಟ 2006ರಿಂದ ಒಲಿಂಪಿಕ್ಸ್ ವರ್ಷವನ್ನು ಬಿಟ್ಟು ಪ್ರತಿವರ್ಷ ನಡೆಯುವ ಪದ್ಧತಿಗೆ ಬಂದಿದೆ. ಆದ್ದರಿಂದಲೇ 2016ರ ವಿಜೇತರ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಆ ವರ್ಷ ರಿಯೊ ಒಲಿಂಪಿಕ್ಸ್ ಇತ್ತು.

ಇದು ಸೋತವರು ಹೊರಬೀಳುವ ಕೂಟ. ಲೀಗ್ ಇಲ್ಲ, ಎರಡನೆಯ ಅವಕಾಶವಿಲ್ಲ. ಹಿಂದಿನ ಕೆಲವು ಕೂಟಗಳಲ್ಲಿ ಮಹಿಳಾ ಸಿಂಗಲ್ಸ್‌ಗೆ 48 ಆಟಗಾರ್ತಿಯರನ್ನು ತೆಗೆದುಕೊಂಡಿದ್ದರು. ಆದರೆ ಸುತ್ತುಗಳ ಲೆಕ್ಕ ಸರಿಹೋಗಲು 64 ಸ್ಥಾನಗಳು ಬೇಕಿದ್ದವು. ಉಳಿದ 16 ಸ್ಥಾನಗಳು ಖಾಲಿ ಇದ್ದವು. ಆ ಖಾಲಿ ಸ್ಥಾನಗಳ ಎದುರಿಗೆ ಶ್ರೇಯಾಂಕಿತ 16 ಆಟಗಾರ್ತಿಯರನ್ನು ಇರಿಸುತ್ತಿದ್ದರು. ಅವರು ಮೊದಲ ಸುತ್ತನ್ನು ಆಡದೆ ನೇರವಾಗಿ ಎರಡನೆಯ ಸುತ್ತಿಗೆ ಬರುತ್ತಿದ್ದರು. ಇದನ್ನೇ ‘ಬೈ’ ಎನ್ನುವುದು. ಒಂದೇ ದೇಶ ಅಂಕಣವನ್ನು ತುಂಬಿಬಿಡಬಾರದೆಂದು ಒಂದು ದೇಶದಿಂದ ಗರಿಷ್ಠ ನಾಲ್ವರಿಗೆ ಮಾತ್ರ ಅವಕಾಶ. ನಾಲ್ವರನ್ನು ಕಳುಹಿಸಬೇಕೆಂದರೂ ಅವರು ವಿಶ್ವಪಟ್ಟಿಯ ಮೇಲ್ತುದಿಯಲ್ಲಿರಬೇಕು.

ಆ ಪಟ್ಟಿಗೂ ಒಂದು ಲೆಕ್ಕವಿದೆ. ಹಿಂದಿನ 52 ವಾರಗಳಲ್ಲಿ ಆಡಿದ ಪಂದ್ಯಾವಳಿಗಳ ಪೈಕಿ ಅತ್ಯುತ್ತಮವಾದ ಹತ್ತರ ಅಂಕಗಳನ್ನು ಕೂಡಿಸಿ ಕ್ರಮಾಂಕ ನೀಡುತ್ತಾರೆ. ಒಂದು ದಿನದ ಮಿಂಚು ಸಾಲದು. ವರ್ಷವಿಡೀ ಆಡಬೇಕು, ಊರೂರು ತಿರುಗಬೇಕು.

ಈಗ ಬಾಲಕಿಯ ಪ್ರಶ್ನೆಗೆ ಬರೋಣ. ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರೂ ಮತ್ತೊಂದು ಪಂದ್ಯ ಆಡಬೇಕು. ಅದರಲ್ಲಿ ಗೆದ್ದವರಿಗೆ ಮಾತ್ರ ಕಂಚು. ಟೋಕಿಯೊದಲ್ಲಿ ಸಿಂಧು ಕಂಚು ಪಡೆದದ್ದು ಹಾಗೆಯೇ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂತಹ ಪಂದ್ಯವಿಲ್ಲ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ನೀಡುತ್ತಾರೆ. ಹೀಗಾಗಿ ಒಂದು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. 2017ರಲ್ಲಿ ಸೈನಾ ಅವರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದವರು ಜಪಾನಿನ ನೊಜೊಮಿ ಒಕುಹರಾ. ಮರುದಿನ ಫೈನಲ್‌ನಲ್ಲಿ ಸಿಂಧು ಅವರನ್ನೂ ಸೋಲಿಸಿದವರು ಅವರೇ. ವಿಶ್ವ ಕೂಟದ ಒಂದೇ ಸ್ಪರ್ಧೆಯ ವೇದಿಕೆಯಲ್ಲಿ ಭಾರತದ ಇಬ್ಬರು ಮಹಿಳೆಯರು ನಿಂತದ್ದು ಅದೇ ಮೊದಲು. ಸೋತವಳಿಗೆ ಪದಕವೆಂದರೆ ಪುಕ್ಕಟೆಯಾಗಿ ಬಂದದ್ದಲ್ಲ. ಎಂಟರ ಘಟ್ಟದವರೆಗಿನ ಎಲ್ಲ ಸುತ್ತುಗಳನ್ನು ಗೆದ್ದವಳಿಗೆ ಮಾತ್ರ ಸೆಮಿಫೈನಲ್‌ನಲ್ಲಿ ಸೋಲುವ ಯೋಗ್ಯತೆ ಬರುತ್ತದೆ.

ಇನ್ನೊಂದು ಸಂಗತಿ ಕೇಳಿ ಮಕ್ಕಳು ಅಚ್ಚರಿಪಟ್ಟರು. ಈ ಕೂಟದಲ್ಲಿ ಗೆದ್ದವರಿಗೆ ನಗದು ಬಹುಮಾನವಿಲ್ಲ. ಇತರ ಅಂತಾರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಹಣವಿರುತ್ತದೆ. ಇಲ್ಲಿ ದೊರೆಯುವುದು ಪದಕ, ಕ್ರಮಾಂಕದ ಅಂಕ ಮತ್ತು ‘ವಿಶ್ವ ಚಾಂಪಿಯನ್’ ಎಂಬ ಬಿರುದು. ಅಷ್ಟಕ್ಕಾಗಿಯೇ ಎಲ್ಲರೂ ಜೀವ ಪಣಕ್ಕಿಟ್ಟು ಆಡುತ್ತಾರೆ.

ಅಂಕ ಎಣಿಸುವ ಬಗೆ

ಮೂರು ಗೇಮ್‌ಗಳಲ್ಲಿ ಎರಡನ್ನು ಗೆದ್ದವರಿಗೆ ಪಂದ್ಯ. ಒಂದು ಗೇಮ್ 21 ಅಂಕಗಳದ್ದು. ಸರ್ವಿಸ್ ಯಾರದೇ ಇರಲಿ, ರ‍್ಯಾಲಿ ಗೆದ್ದವರಿಗೆ ಅಂಕ. 20–20 ಆದರೆ ಎರಡು ಅಂಕಗಳ ಮುನ್ನಡೆ ಬೇಕು. ಅದು ಎಳೆದಾಡುತ್ತ 29–29ಕ್ಕೆ ಬಂದರೆ 30ನೆಯ ಅಂಕ ಪಡೆದವರು ಗೆದ್ದಂತೆ. ಒಬ್ಬರು 11 ಅಂಕ ತಲುಪಿದಾಗ 60 ಸೆಕೆಂಡುಗಳ ವಿರಾಮ, ಗೇಮ್‌ಗಳ ನಡುವೆ ಎರಡು ನಿಮಿಷ. ಮೂರನೆಯ ಗೇಮ್‌ನಲ್ಲಿ 11 ಅಂಕವಾದ ಕೂಡಲೇ ಇಬ್ಬರೂ ಬದಿ ಬದಲಿಸಬೇಕು. ಸರ್ವಿಸ್ ಮಾಡುವವರ ಅಂಕ ಸಮಸಂಖ್ಯೆಯಾಗಿದ್ದರೆ ಬಲಗಡೆಯಿಂದ, ಬೆಸವಾಗಿದ್ದರೆ ಎಡಗಡೆಯಿಂದ ಸರ್ವಿಸ್. ಗಣಿತದ ತರಗತಿಯಲ್ಲಿ ಸಮ–ಬೆಸ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಈ ಅಂಕಗಳ ಹಿಂದೆ ಹೆಣ್ಣುಮಕ್ಕಳು ತಿಳಿಯಲೇಬೇಕಾದ ಒಂದು ಇತಿಹಾಸವಿದೆ. 2006ರಲ್ಲಿ ಈಗಿನ ಪದ್ಧತಿ ಜಾರಿಗೆ ಬರುವವರೆಗೆ ಪುರುಷರ ಸಿಂಗಲ್ಸ್ ಗೇಮ್ 15 ಅಂಕಗಳದ್ದಾಗಿದ್ದರೆ ಮಹಿಳೆಯರದು 11 ಅಂಕಗಳದ್ದಾಗಿತ್ತು. ಸರ್ವಿಸ್ ಇದ್ದವರಿಗೆ ಮಾತ್ರ ಅಂಕ ಸಿಗುತ್ತಿತ್ತು. ಹೆಂಗಸರು ಬೇಗ ದಣಿಯುತ್ತಾರೆಂಬ ಹಳೆಯ ಎಣಿಕೆ ಆ ನಾಲ್ಕು ಅಂಕಗಳ ಅಂತರದಲ್ಲಿ ಅಡಗಿತ್ತು ಎಂದು ನಾವು ಭಾವಿಸುತ್ತೇವೆ. ಈಗ ಇಬ್ಬರಿಗೂ 21. ಹೆಣ್ಣು ದಣಿಯುತ್ತಾಳೆಯೇ ಎಂಬುದಕ್ಕೆ ಉತ್ತರ ಮುಂದೆ ಬರಲಿದೆ.

ಅಂಕಣ ಮತ್ತು ಗಾಳಿ

ಅಂಕಣದ ಉದ್ದ 13.40 ಮೀಟರ್. ಸಿಂಗಲ್ಸ್‌ಗೆ ಅಗಲ 5.18 ಮೀಟರ್, ಡಬಲ್ಸ್‌ಗೆ 6.10 ಮೀಟರ್. ನೆಟ್‌ನ ಎತ್ತರ ಕಂಬಗಳ ಬಳಿ 1.55 ಮೀಟರ್, ನಡುವೆ 1.524 ಮೀಟರ್. ಸರ್ವಿಸ್ ಮಾಡುವಾಗ ಶಟಲ್ ಸಂಪೂರ್ಣವಾಗಿ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕೆಂಬ ನಿಯಮ 2018ರಿಂದ ಬಂದಿದೆ. ಶಟಲ್‌ಗೆ 16 ಗರಿಗಳು. ತೂಕ 4.74ರಿಂದ 5.50 ಗ್ರಾಂ.

ಐದು ಗ್ರಾಂ ತೂಕದ ವಸ್ತುವಿಗೆ ಗಾಳಿಯೇ ದೊಡ್ಡ ಎದುರಾಳಿ. ನಮ್ಮ ಶಾಲೆಯ ಬಯಲಿನಲ್ಲಿ ಶಟಲ್ ಮೇಲೇರಿ ಬೇಲಿಯಾಚೆ ಬೀಳುವುದನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಸ್ಪರ್ಧೆಗಳು ಒಳಾಂಗಣದಲ್ಲಿ ನಡೆಯುತ್ತವೆ. ಒಳಾಂಗಣದಲ್ಲಿಯೂ ಬಿಸಿಗಾಳಿ ತೆಳುವಾಗಿರುವುದರಿಂದ ಶಟಲ್ ವೇಗವಾಗಿ ಹಾರುತ್ತದೆ. ಅದಕ್ಕಾಗಿ ಶಟಲ್‌ಗಳನ್ನು ವೇಗಕ್ಕೆ ತಕ್ಕಂತೆ ವಿಂಗಡಿಸಿ, ಬಿಸಿಲ ನಾಡಿಗೆ ನಿಧಾನದವನ್ನು ಆರಿಸುತ್ತಾರೆ. ಸೊಲ್ಲಾಪುರದ ಬೇಸಿಗೆಗೂ ಚಳಿಗಾಲಕ್ಕೂ ಒಂದೇ ಶಟಲ್ ಹೊಂದುವುದಿಲ್ಲ.

ಸಿಂಗಲ್ಸ್ ಆಟದ ತಿರುಳು ಎದುರಾಳಿಯನ್ನು ನಾಲ್ಕು ಮೂಲೆಗಳಿಗೆ ಓಡಿಸುವುದರಲ್ಲಿದೆ. ಹಿಂದಿನ ಗೆರೆಯವರೆಗೆ ಎತ್ತಿ ಹೊಡೆದು, ಮುಂದೆ ನೆಟ್‌ನ ಅಂಚಿನಲ್ಲಿ ಮೆಲ್ಲಗೆ ಇಳಿಸಿ, ನಡುವೆ ತೆರವಾದ ಜಾಗ ಕಂಡೊಡನೆ ಸ್ಮ್ಯಾಶ್ ಮಾಡಬೇಕು. ಹೊಡೆದ ಮೇಲೆ ಪ್ರತಿ ಬಾರಿಯೂ ನಡುವಿಗೆ ಮರಳಬೇಕು. ಬಲಕ್ಕಿಂತ ಕಾಲಿನ ಚಲನೆ ಮತ್ತು ತಾಳ್ಮೆ ಇಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಆಡುವವರ ಎತ್ತರವೂ ಕೊನೆಯ ಮಾತಲ್ಲ. ಎತ್ತರದ ಸಿಂಧು ಗೆದ್ದಿದ್ದಾರೆ, ಗಿಡ್ಡ ನಿಲುವಿನ ಒಕುಹರಾ ಮತ್ತು ಅಕಾನೆ ಯಮಗುಚಿ ಕೂಡ ಗೆದ್ದಿದ್ದಾರೆ.

ಪುಣೆಯಲ್ಲಿ ನಿಯಮ ಪಡೆದ ಆಟ

ಈ ಆಟ ಎಲ್ಲಿಯದೋ ಪರದೇಶದ್ದೆಂದು ತಿಳಿಯಬೇಕಾಗಿಲ್ಲ. ಪುಣೆಯ ಬ್ರಿಟಿಷ್ ಸೇನಾ ಅಧಿಕಾರಿಗಳು ಇದನ್ನು ಆಡುತ್ತಿದ್ದರು. 1873ರ ಸುಮಾರಿಗೆ ಅಲ್ಲಿ ಇದರ ಮೊದಲ ನಿಯಮಗಳು ರೂಪುಗೊಂಡವೆಂದು ಇತಿಹಾಸಕಾರರು ಹೇಳುತ್ತಾರೆ. ಆಟಕ್ಕೆ ‘ಪೂನಾ’ ಎಂಬ ಹೆಸರೂ ಇತ್ತು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿರುವ ಬ್ಯಾಡ್ಮಿಂಟನ್ ಎಂಬ ಬಂಗಲೆಯಿಂದ ಈಗಿನ ಹೆಸರು ಬಂತು. ಶಾಲಾ ಕ್ರೀಡೆಗಳ ಲೆಕ್ಕದಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆ ಸೇರುವುದು ಅದೇ ಪುಣೆ ವಿಭಾಗಕ್ಕೆ.

ಆ ಪುಣೆಯಿಂದಲೇ 1940ರ ದಶಕದಲ್ಲಿ ಕ್ರಿಕೆಟಿಗ ಡಿ.ಬಿ. ದೇವಧರ್ ಅವರ ಮೂವರು ಪುತ್ರಿಯರು, ಸುಂದರ್, ತಾರಾ ಮತ್ತು ಸುಮನ್, ರಾಷ್ಟ್ರೀಯ ಬ್ಯಾಡ್ಮಿಂಟನ್‌ನಲ್ಲಿ ಮೆರೆದರು. ಮುಂದೆ ಮುಂಬಯಿಯ ಅಮಿ ಘಿಯಾ ಏಳು ಬಾರಿ ರಾಷ್ಟ್ರೀಯ ಸಿಂಗಲ್ಸ್ ಗೆದ್ದರು. ಅದೇ ಮುಂಬಯಿಯ ಅಪರ್ಣಾ ಪೋಪಟ್ ಹೆಚ್ಚಿನ ತರಬೇತಿಗಾಗಿ ಬೆಂಗಳೂರಿಗೆ ಹೋಗಿ ಪ್ರಕಾಶ್ ಪಡುಕೋಣೆ ಅವರ ಅಕಾಡೆಮಿ ಸೇರಿದರು. 1996ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಜೂನಿಯರ್ ಕೂಟದಲ್ಲಿ ಬೆಳ್ಳಿ, 1998ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ, ಸತತ ಒಂಬತ್ತು ರಾಷ್ಟ್ರೀಯ ಪ್ರಶಸ್ತಿಗಳು ಅವರ ಸಾಧನೆ. ಸತತ ಒಂಬತ್ತು ಎಂಬುದು ಪ್ರಕಾಶ್ ಅವರ ದಾಖಲೆಗೆ ಸಮ.

ಕನ್ನಡ ನಾಡಿನ ಪಾಲು ಇಲ್ಲಿಗೆ ಮುಗಿಯುವುದಿಲ್ಲ. ವಿಶ್ವ ಕೂಟದಲ್ಲಿ ಭಾರತದ ಮೊದಲ ಪದಕ 1983ರಲ್ಲಿ ಪ್ರಕಾಶ್ ಪಡೆದ ಕಂಚು. ಮಹಿಳೆಯರ ಮೊದಲ ಪದಕ 2011ರಲ್ಲಿ ಲಂಡನ್‌ನಲ್ಲಿ ಡಬಲ್ಸ್‌ನಲ್ಲಿ ಬಂತು. ಜ್ವಾಲಾ ಗುಟ್ಟಾ ಅವರ ಜೊತೆಗಾತಿ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ. ಸೈನಾ 2014ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಅವರ ಬಳಿ ತರಬೇತಿ ಪಡೆದರು. 2015ರಲ್ಲಿ ವಿಶ್ವದ ಮೊದಲ ಕ್ರಮಾಂಕಕ್ಕೇರಿ, ಅದೇ ವರ್ಷ ಜಕಾರ್ತದ ವಿಶ್ವ ಕೂಟದಲ್ಲಿ ಬೆಳ್ಳಿ ಗೆದ್ದರು. ಆ ಕ್ರಮಾಂಕಕ್ಕೇರಿದ ಮೊದಲ ಭಾರತೀಯ ಮಹಿಳೆ ಅವರು.

ಎರಡು ಫೈನಲ್‌ಗಳು

ಗ್ಲಾಸ್ಗೋದ 2017ರ ಫೈನಲ್ 110 ನಿಮಿಷ ನಡೆಯಿತು. ಅಂಕಗಳು 19–21, 22–20, 20–22. ಎರಡನೆಯ ಗೇಮ್‌ನ ಕೊನೆಯ ರ‍್ಯಾಲಿಯೊಂದರಲ್ಲೇ 73 ಹೊಡೆತಗಳಿದ್ದವು. ಸಿಂಧು ಸೋತದ್ದು ಎರಡೇ ಅಂಕಗಳಿಂದ. ಹೆಣ್ಣಿಗೆ 11 ಅಂಕ ಸಾಕೆಂದು ಒಂದು ಕಾಲದಲ್ಲಿ ತೀರ್ಮಾನಿಸಿದವರು ಆ ಪಂದ್ಯವನ್ನು ನೋಡಬೇಕಿತ್ತು.

2018ರಲ್ಲಿ ನಾನ್‌ಜಿಂಗ್‌ನಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. ಈ ಬಾರಿ ಸ್ಪೇನಿನ ಕರೊಲಿನಾ ಮರಿನ್ ಎದುರು. 2016ರ ಒಲಿಂಪಿಕ್ಸ್ ಫೈನಲ್‌ನಲ್ಲಿಯೂ ಸಿಂಧು ಸೋತದ್ದು ಅವರಿಗೇ. ದೊಡ್ಡ ಫೈನಲ್‌ನಲ್ಲಿ ಇವರು ಗೆಲ್ಲಲಾರರೆಂಬ ಮಾತು ಹರಡಿತು.

2019ರ ಆಗಸ್ಟ್ 25, ಸ್ವಿಟ್ಜರ್ಲೆಂಡಿನ ಬಾಸೆಲ್. ಎಂಟರ ಘಟ್ಟದಲ್ಲಿ ತೈವಾನಿನ ತೈ ಜು ಯಿಂಗ್ ಎದುರು ಮೊದಲ ಗೇಮನ್ನು 12–21ರಿಂದ ಕಳೆದುಕೊಂಡ ಸಿಂಧು, ಮುಂದಿನ ಎರಡನ್ನು 23–21, 21–19ರಿಂದ ಗೆದ್ದು ಬದುಕಿಕೊಂಡಿದ್ದರು. ಫೈನಲ್‌ನಲ್ಲಿ ಎದುರಿಗಿದ್ದವರು ಅದೇ ಒಕುಹರಾ. ಫಲಿತಾಂಶ 21–7, 21–7. ಎರಡು ವರ್ಷಗಳ ಹಿಂದೆ 110 ನಿಮಿಷ ಹಿಡಿದ ಪಂದ್ಯ ಈ ಬಾರಿ 40 ನಿಮಿಷವನ್ನೂ ಮುಟ್ಟಲಿಲ್ಲ. ಪುರುಷರಾಗಲಿ ಮಹಿಳೆಯರಾಗಲಿ, ಸಿಂಗಲ್ಸ್‌ನಲ್ಲಿ ಭಾರತದ ಮೊದಲ ವಿಶ್ವ ಚಾಂಪಿಯನ್ ಸಿಂಧು.

ಅದೇ ನಗರದಲ್ಲಿ ಒಂದು ದಿನ ಮೊದಲು ಮತ್ತೊಂದು ಚಿನ್ನ ಬಂದಿತ್ತು. ಮುಂಬಯಿಯಲ್ಲಿ ಬೆಳೆದ ಮಾನಸಿ ಜೋಶಿ 2011ರಲ್ಲಿ ರಸ್ತೆ ಅಪಘಾತದಲ್ಲಿ ಎಡಗಾಲನ್ನು ಕಳೆದುಕೊಂಡವರು. ಕೃತಕ ಕಾಲಿನಿಂದ ಆಡಿ ಪ್ಯಾರಾ ಬ್ಯಾಡ್ಮಿಂಟನ್‌ನ ಮಹಿಳಾ ಸಿಂಗಲ್ಸ್ ವಿಶ್ವ ಪ್ರಶಸ್ತಿಯನ್ನು ಗೆದ್ದರು. ನಮ್ಮ ಪತ್ರಿಕೆಗಳಲ್ಲಿ ಅವರಿಗೆ ದೊರೆತ ಜಾಗ ಕಡಿಮೆ. ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇವೆ.

2013ರಿಂದ 2019ರವರೆಗೆ ನಡೆದ ಆರು ಕೂಟಗಳಲ್ಲಿ ಮಹಿಳಾ ಸಿಂಗಲ್ಸ್ ಒಂದರಲ್ಲೇ ಭಾರತಕ್ಕೆ ಏಳು ಪದಕಗಳು ಬಂದವು. ಐದು ಸಿಂಧು ಅವರವು, ಎರಡು ಸೈನಾ ಅವರವು. ಮತ್ತೊಂದು ಕಡೆ, 1983ರಿಂದ 2011ರವರೆಗೆ 1993 ಮತ್ತು 1999 ಬಿಟ್ಟರೆ ಈ ಪ್ರಶಸ್ತಿ ಸದಾ ಚೀನಾದ ಪಾಲಾಗುತ್ತಿತ್ತು. 2013ರಿಂದ 2025ರವರೆಗಿನ ಕೂಟಗಳಲ್ಲಿ ಥಾಯ್ಲೆಂಡ್, ಸ್ಪೇನ್, ಜಪಾನ್, ಭಾರತ, ದಕ್ಷಿಣ ಕೊರಿಯಾಗಳ ಹೆಣ್ಣುಮಕ್ಕಳು ಗೆದ್ದರು. ಚೀನಾಕ್ಕೆ ಒಮ್ಮೆಯೂ ದಕ್ಕಲಿಲ್ಲ. ಬ್ಯಾಡ್ಮಿಂಟನ್‌ನ ಪರಂಪರೆಯೇ ಇಲ್ಲದ ಸ್ಪೇನಿನ ಉವೆಲ್ವಾ ಎಂಬ ಊರಿನಲ್ಲಿ ನೃತ್ಯ ಕಲಿಯುತ್ತಿದ್ದ ಮರಿನ್ ಮೂರು ಬಾರಿ ಗೆದ್ದರು. ಊರಿನಲ್ಲಿ ಆಟದ ಪರಂಪರೆ ಇಲ್ಲವೆಂಬುದು ಆರಂಭಿಸದಿರಲು ಕಾರಣವಾಗಲಾರದು.

ಭಾಷೆ ಬಾರದ ಊರಿನಲ್ಲಿ

ಸೈನಾ ಅವರ ಬಾಲ್ಯದ ಒಂದು ಸಂಗತಿ ಭಾಷಾ ಅಲ್ಪಸಂಖ್ಯಾತರಾದ ನಮಗೆ ವಿಶೇಷವಾಗಿ ತಟ್ಟುತ್ತದೆ. ಅವರು ಹರಿಯಾಣದ ಹಿಸಾರದವರು. ತಂದೆಯ ವರ್ಗಾವಣೆಯಿಂದ ಕುಟುಂಬ ಹೈದರಾಬಾದಿಗೆ ಬಂದಾಗ ಅವರಿಗೆ ಎಂಟು ವರ್ಷ. ಸ್ಥಳೀಯ ಭಾಷೆ ಬಾರದೆ ಇತರ ಮಕ್ಕಳೊಡನೆ ಬೆರೆಯುವುದು ಕಷ್ಟವಾಗಿ, ಅವರು ರ‍್ಯಾಕೆಟ್ ಹಿಡಿದರು. ಮಾತಿನಲ್ಲಿ ಹೇಳಲಾಗದ್ದನ್ನು ಆಟದಲ್ಲಿ ಹೇಳಿದರು.

ನಮ್ಮ ಅನುಭವ ಕೊಂಚ ಬೇರೆ. ಕೆಲವು ವರ್ಷಗಳ ಹಿಂದೆ ಶಾಲಾ ಸ್ಪರ್ಧೆಯೊಂದಕ್ಕೆ ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಕರೆದೊಯ್ದಿದ್ದೆವು. ಮೂರನೆಯ ಗೇಮ್‌ನಲ್ಲಿ ಅವಳು 11–8ರಿಂದ ಮುಂದಿದ್ದಳು. ಬದಿ ಬದಲಿಸಲು ಅಂಪೈರ್ ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ನಿಂತಲ್ಲೇ ನಿಂತಳು. ಸುತ್ತಲಿನವರು ನಕ್ಕರು. ಮುಂದೆ ‘ಲೆಟ್’ ಎಂದಾಗ ತನ್ನ ಅಂಕ ಹೋಯಿತೆಂದು ಭಾವಿಸಿ ತಲೆ ತಗ್ಗಿಸಿದಳು. ಅಲ್ಲಿಂದ ಮುಂದೆ ಅವಳು ಪಡೆದದ್ದು ಎರಡೇ ಅಂಕ. ತಪ್ಪು ಅಂಪೈರರದಲ್ಲ, ಎದುರಾಳಿಯದೂ ಅಲ್ಲ. ಹತ್ತು ಶಬ್ದಗಳನ್ನು ಮೊದಲೇ ಹೇಳಿಕೊಡದ ನಮ್ಮದು.

ಅಂತಾರಾಷ್ಟ್ರೀಯ ಪಂದ್ಯದಲ್ಲಿ ಅಂಪೈರ್ ಅಂಕಗಳನ್ನು ಹೇಳುವುದು ಇಂಗ್ಲಿಷಿನಲ್ಲಿ. ಜಪಾನಿನವಳಿಗೂ ಅದು ಪರಭಾಷೆಯೇ, ಥಾಯ್ಲೆಂಡಿನವಳಿಗೂ ಪರಭಾಷೆಯೇ. ತಿಳಿಯಬೇಕಾದ ಶಬ್ದಗಳು ಕೆಲವೇ. ‘ಲವ್ ಆಲ್, ಪ್ಲೇ’ ಎಂದರೆ ಇಬ್ಬರದೂ ಸೊನ್ನೆ, ಆಟ ಆರಂಭಿಸಿ. ‘ಸರ್ವಿಸ್ ಓವರ್’ ಎಂದರೆ ಸರ್ವಿಸ್ ಎದುರಾಳಿಗೆ ಹೋಯಿತು. ‘ಲೆಟ್’ ಎಂದರೆ ಆ ರ‍್ಯಾಲಿ ಲೆಕ್ಕಕ್ಕಿಲ್ಲ, ಯಾರ ಅಂಕವೂ ಹೋಗಿಲ್ಲ, ಮತ್ತೆ ಆಡಿ. ‘ಫಾಲ್ಟ್’ ಎಂದರೆ ನಿಯಮ ಮುರಿದದ್ದು, ಅಂಕ ಎದುರಾಳಿಗೆ. ‘ಇಂಟರ್ವಲ್’ ಎಂದರೆ ವಿರಾಮ. ‘ಗೇಮ್ ಪಾಯಿಂಟ್’ ಎಂದರೆ ಗೇಮ್ ಮುಗಿಯಲು ಇನ್ನೊಂದೇ ಅಂಕ. ಅಂಕ ಹೇಳುವಾಗ ಸರ್ವಿಸ್ ಮಾಡುವವರ ಅಂಕ ಯಾವಾಗಲೂ ಮೊದಲು ಬರುತ್ತದೆ. ಇವನ್ನು ಕನ್ನಡದಲ್ಲಿ ಅರ್ಥ ಬರೆದು ಶಾಲೆಯ ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.

ಸ್ಪರ್ಧೆಗಳ ಸುತ್ತೋಲೆಗಳು ಮರಾಠಿಯಲ್ಲಿ ಬರುತ್ತವೆ. ಮರಾಠಿ ನಮಗೆ ಪರಕೀಯವಲ್ಲ. ಅದು ನಮ್ಮ ನೆರೆಮನೆಯ ಭಾಷೆ, ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಭಾಷೆ. ಆದರೆ ಅರ್ಜಿಯ ಕೊನೆಯ ದಿನ, ವಯೋಮಿತಿ, ಬೇಕಾದ ಕಾಗದಪತ್ರಗಳ ವಿವರ ಕನ್ನಡ ಶಾಲೆಯ ಪಾಲಕರಿಗೆ ಕನ್ನಡದಲ್ಲಿ ತಲುಪಿದರೆ ಮಾತ್ರ ಹೆಣ್ಣುಮಗಳು ಮನೆಯಿಂದ ಹೊರಡುತ್ತಾಳೆ. ತಿಳಿಯದ ಕಾಗದಕ್ಕೆ ಸಹಿ ಹಾಕಲು ಯಾವ ತಾಯಿಯೂ ಮುಂದಾಗುವುದಿಲ್ಲ.

ಇಲ್ಲಿಂದ ದಾರಿ

ಶಾಲಾ ಕ್ರೀಡೆಗಳಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂದು ಮೂರು ವಿಭಾಗಗಳಿವೆ. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ ಮಟ್ಟ. ಇದರ ಜೊತೆಗೆ ಬ್ಯಾಡ್ಮಿಂಟನ್ ಸಂಘಗಳು ನಡೆಸುವ ಪಂದ್ಯಾವಳಿಗಳೂ ಇವೆ. ಕನ್ನಡ ಮಾಧ್ಯಮದವಳಿಗೂ ಮರಾಠಿ ಮಾಧ್ಯಮದವಳಿಗೂ ಇಲ್ಲಿ ಒಂದೇ ನಿಯಮ. ನಿಯಮಗಳಿಗೆ ಒಳಪಟ್ಟು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಕ್ರೀಡಾ ಅಂಕಗಳೂ, ರಾಜ್ಯ ಸರ್ಕಾರದ ನೌಕರಿಯಲ್ಲಿ ಶೇ. 5ರ ಕ್ರೀಡಾ ಮೀಸಲಾತಿಯೂ ಮಹಾರಾಷ್ಟ್ರದಲ್ಲಿವೆ. ಆದ್ದರಿಂದ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಡಬೇಕು.

ಒಳಾಂಗಣ ಎಲ್ಲಿದೆ ಎಂದು ಕೇಳುವವರಿಗೆ ಒಂದು ಉದಾಹರಣೆ ಹೇಳುತ್ತೇವೆ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗ. ಮದುವೆ ಇದ್ದ ದಿನ ಆಟವಿಲ್ಲ, ಇಲ್ಲದ ದಿನ ಆಟ. ಅಲ್ಲಿಂದ ಹೊರಟ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ. ನಮ್ಮ ತಾಲೂಕಿನಲ್ಲಿಯೂ ಮಂಗಲ ಕಾರ್ಯಾಲಯಗಳಿವೆ. ಲಗ್ನದ ಸುಗ್ಗಿ ಮುಗಿದ ಮೇಲೆ ಅವು ಬೀಗ ಹಾಕಿಕೊಂಡು ನಿಂತಿರುತ್ತವೆ. ಚಾವಣಿ ಎತ್ತರವಿದ್ದು, 14 ಮೀಟರಿಗಿಂತ ಉದ್ದದ ನೆಲವಿದ್ದರೆ ಸುಣ್ಣದ ಗೆರೆ ಮತ್ತು ಒಂದು ನೆಟ್ ಸಾಕು. ಬೆಳಗಿನ ಎರಡು ಗಂಟೆ ಹೆಣ್ಣುಮಕ್ಕಳಿಗಾಗಿ ಬಾಗಿಲು ತೆರೆಯಲು ಮಾಲೀಕರು ಒಪ್ಪಬೇಕು, ಜೊತೆಗೆ ಇಬ್ಬರು ತಾಯಂದಿರು ಕುಳಿತಿರಬೇಕು. ಈ ವಿನಂತಿಯನ್ನು ಈ ಲೇಖನದ ಮೂಲಕ ಬಹಿರಂಗವಾಗಿಯೇ ಮಾಡುತ್ತಿದ್ದೇವೆ.

ಜಾತ್ರೆಯ ಕುಸ್ತಿಗೆ ನಮ್ಮ ಊರುಗಳು ಮಣ್ಣು ಹದ ಮಾಡಿ ಕೊಡುತ್ತವೆ. ಗಂಡುಮಕ್ಕಳಿಗೆ ಹಾಲು, ಬಾದಾಮಿ ಕೊಟ್ಟು ಬೆಳೆಸುತ್ತವೆ. ಹೆಣ್ಣುಮಗಳ ಆಟ ಮಾತ್ರ ಎಂಟನೆಯ ತರಗತಿಗೆ ಬಂದೊಡನೆ ನಿಂತುಬಿಡುತ್ತದೆ. ನಿಲ್ಲಿಸಿದವರು ಯಾರೆಂದು ಕೇಳಿದರೆ ಯಾರೂ ಇಲ್ಲ. ಅವಳೇ ಬಿಟ್ಟಳು ಎನ್ನುತ್ತಾರೆ.

2009ರಲ್ಲಿ ಹೈದರಾಬಾದಿನಲ್ಲಿ ನಡೆದಿದ್ದ ವಿಶ್ವ ಕೂಟದ 2026ರ ಆತಿಥ್ಯ ನವದೆಹಲಿಗೆ ದೊರೆತಿದೆ. ಮಕ್ಕಳಿಗೆ ಅದರ ಪಂದ್ಯಗಳನ್ನು ತೋರಿಸಿ, ಅಂಕ ಎಣಿಸಲು ಹೇಳಿ. ಎಲ್ಲರೂ ವಿಶ್ವ ಚಾಂಪಿಯನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅಂದು ಪ್ರಶ್ನೆ ಕೇಳಿದ ಬಾಲಕಿ ಉತ್ತರ ಕೇಳಿಸಿಕೊಂಡು ಕುಳಿತವಳು ಮತ್ತೆ ಎದ್ದಳು. “ಹಂಗಾದ್ರ ಸರ್, ಸೆಮಿಫೈನಲ್ ತನಕ ಹೋದ್ರ ಸಾಕಲ್ರಿ?” ಎಂದಳು. ತರಗತಿ ನಕ್ಕಿತು. ನಾವು ಮೊದಲು ತಾಲೂಕಿನವರೆಗೆ ಹೋಗೋಣವೆಂದೆವು. ಮರುದಿನ ಅರ್ಜಿಯ ಹಾಳೆಯೊಂದನ್ನು ಅವಳ ಕೈಗಿತ್ತು, ಅದರ ಹಿಂಬದಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದು ಅವಳ ತಾಯಿಗೆ ಕಳುಹಿಸಿದೆವು. ಸಹಿಯಾಗಿ ಬಂದಿದೆ.